ಹನ್ನೆರಡು ನಿಮಿಷದ ಪರೀಕ್ಷೆ, ಹದಿನೇಳು ವರ್ಷದ ಆಟ

ಇವತ್ತಿನ ಮಾತು ಅಮೆರಿಕನ್ ಫುಟ್‌ಬಾಲ್ ಬಗ್ಗೆ. ನಮ್ಮಲ್ಲಿ ಫುಟ್‌ಬಾಲ್ ಎಂದರೆ ಕಾಲಿನಾಟ. ಅದರ ಕಡೆಗೆ ಆಮೇಲೆ ಬರೋಣ. ಅಮೆರಿಕದವರದು ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವಿ ಹಾಕುವ ಆಟ. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್. 32 ತಂಡಗಳಿವೆ. ಕಾಲೇಜು ಆಟ ಮುಗಿಸಿ ಬರುವ ಹುಡುಗರನ್ನು ಈ ತಂಡಗಳು ಪ್ರತಿ ವರ್ಷ ಏಳು ಸುತ್ತಿನ ಡ್ರಾಫ್ಟ್‌ನಲ್ಲಿ ಆರಿಸಿಕೊಳ್ಳುತ್ತವೆ. ಅದಕ್ಕೆ ಮೊದಲು ಮುನ್ನೂರಕ್ಕೂ ಹೆಚ್ಚು ಆಟಗಾರರನ್ನು ಒಂದೆಡೆ ಸೇರಿಸಿ ಅಳೆಯುತ್ತಾರೆ. ಅದರ ಹೆಸರು ಕಂಬೈನ್, 1987ರಿಂದ ಅದು ನಡೆಯುತ್ತಿರುವುದು ಇಂಡಿಯಾನಾಪೊಲಿಸ್ ನಗರದಲ್ಲಿ. 40 ಗಜದ ಓಟ, ನಿಂತಲ್ಲಿಂದ ಜಿಗಿತ, 225 ಪೌಂಡ್ ಭಾರವನ್ನು ಎಷ್ಟು ಸಲ ಎತ್ತುತ್ತಾನೆ ಎಂಬ ಲೆಕ್ಕ. ಇವುಗಳ ಜೊತೆಗೆ, 2022ರಲ್ಲಿ ಕೈಬಿಡುವವರೆಗೂ, ಪೆನ್ಸಿಲ್ ಕೊಟ್ಟು ಬರೆಸುತ್ತಿದ್ದ ಒಂದು ಬುದ್ಧಿ ಪರೀಕ್ಷೆಯೂ ಇತ್ತು: ವಂಡರ್ಲಿಕ್. ಅದರ ಅಂಕ ನೋಡಿ ಮುಂದೆ ಯಾರು ಚೆನ್ನಾಗಿ ಆಡುತ್ತಾರೆಂದು ಹೇಳಬಹುದೇ ಎಂಬುದು ಇವತ್ತಿನ ಪ್ರಶ್ನೆ.

ಮನಶ್ಶಾಸ್ತ್ರ ಓದುವವರಿಗೆ ಇದು ಬಯಸಿದರೂ ಸಿಗದ ಪ್ರಯೋಗ. ಕಚೇರಿ ಗುಮಾಸ್ತನೊಬ್ಬ ಹತ್ತು ವರ್ಷ ಎಷ್ಟು ಚೆನ್ನಾಗಿ ಕೆಲಸ ಮಾಡಿದ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಫುಟ್‌ಬಾಲ್ ಆಟಗಾರನ ಒಂದೊಂದು ಎಸೆತವೂ ದಾಖಲೆಯಲ್ಲಿದೆ. ಗುಟ್ಟಾಗಿರಬೇಕಿದ್ದ ಪರೀಕ್ಷೆಯ ಅಂಕಗಳೋ, ಪ್ರತಿ ವರ್ಷ ಪತ್ರಿಕೆಗಳಿಗೆ ಸೋರುತ್ತಿದ್ದವು. ಹಾಗಾಗಿ ಇಲ್ಲಿ ಹೇಳುವ ಅಂಕಗಳೆಲ್ಲ ವರದಿಯಾದ ಅಂಕಗಳು, ಅಧಿಕೃತ ಮುದ್ರೆ ಬಿದ್ದವಲ್ಲ. ಒಂದೆರಡು ಅಂಕ ಅತ್ತಿತ್ತ ಇರಬಹುದು.

ಪರೀಕ್ಷೆ ಹೇಗಿತ್ತು ಎಂಬುದನ್ನು ಮೊದಲು ನೋಡೋಣ. ಎಲ್ಡನ್ ವಂಡರ್ಲಿಕ್ ಇದನ್ನು 1930ರ ದಶಕದಲ್ಲಿ ರೂಪಿಸಿದ್ದು ಕಂಪನಿಗಳಲ್ಲಿ ನೌಕರರನ್ನು ಆರಿಸಲು, ಆಟಗಾರರಿಗಾಗಿ ಅಲ್ಲ. 50 ಪ್ರಶ್ನೆ, 12 ನಿಮಿಷ. ಭಾಗಿಸಿದರೆ ಪ್ರಶ್ನೆಗೆ 14.4 ಸೆಕೆಂಡು. ಸರಿಯಾದ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಳೆಯುವುದಿಲ್ಲ. ಸಂಖ್ಯಾ ಸರಣಿ, ವಿರುದ್ಧ ಪದ, ಎರಡು ವಾಕ್ಯಗಳ ಅರ್ಥ ಒಂದೇ ಆಗಿದೆಯೇ, ಬೆಲೆ–ಪ್ರಮಾಣದ ಲೆಕ್ಕ, ಆಕೃತಿ ಜೋಡಣೆ ಎಲ್ಲವೂ ಕಲಸಿಕೊಂಡು ಬರುತ್ತವೆ, ಹೋಗುತ್ತ ಹೋಗುತ್ತ ಕಠಿಣವಾಗುತ್ತವೆ. ಬಹುತೇಕರು ಕೊನೆಯ ಪ್ರಶ್ನೆ ಮುಟ್ಟುವುದೇ ಇಲ್ಲ. ಸಾಮಾನ್ಯ ಜನರ ಸರಾಸರಿ 20ರ ಆಸುಪಾಸು. ಅಂಕವನ್ನು ಎರಡರಿಂದ ಗುಣಿಸಿ 60 ಕೂಡಿಸಿದರೆ ಐಕ್ಯೂ ಎಂಬ ಒರಟು ಸೂತ್ರ ಚಾಲ್ತಿಯಲ್ಲಿದೆ; 20 ಬಂದವನಿಗೆ 100. ಎನ್‌ಎಫ್‌ಎಲ್‌ಗೆ ಬರುವ ಹುಡುಗರ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ. ಆಟಗಾರರೆಂದರೆ ದಡ್ಡರು ಎಂದು ನಗುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಆಟಕ್ಕೆ ಇದನ್ನು ತಂದವರು ಡಲ್ಲಾಸ್ ಕೌಬಾಯ್ಸ್ ತಂಡದ ಕೋಚ್ ಟಾಮ್ ಲ್ಯಾಂಡ್ರಿ. ಅವರ ಸ್ನಾತಕೋತ್ತರ ಪದವಿ ಔದ್ಯಮಿಕ ಎಂಜಿನಿಯರಿಂಗ್‌ನಲ್ಲಿ. ಅಳತೆಯ ಮೇಲೆ ನಂಬಿಕೆ ಇದ್ದ ಮನುಷ್ಯ. ಅದೇ ತಂಡ 1960ರ ದಶಕದಲ್ಲೇ ಕಂಪ್ಯೂಟರ್‌ನಿಂದ ಆಟಗಾರರನ್ನು ತೂಗಲು ಹೊರಟಿತ್ತು. ಆ ಲೆಕ್ಕ ಕಟ್ಟಿಕೊಟ್ಟವರು ಅಲಿಗಢದಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ಸಂಖ್ಯಾಶಾಸ್ತ್ರಜ್ಞ ಸಲಾಂ ಖುರೇಷಿ. ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಬಾಯಿಮಾತಿನಲ್ಲಿ ಹೇಳುತ್ತಿದ್ದ ನೂರಾರು ಗುಣಗಳನ್ನು ಅವರು ಅಳೆಯಬಹುದಾದ ಕೆಲವಕ್ಕೆ ಇಳಿಸಿದರು. ಆ ಕೆಲವುಗಳಲ್ಲಿ ಮನಸ್ಸಿನ ಚುರುಕು ಕೂಡ ಒಂದು. ಅದನ್ನು ಅಳೆಯಲು ಅಗ್ಗದ, ಬೇಗ ಮುಗಿಯುವ, ಒಮ್ಮೆಗೇ ನೂರು ಜನರನ್ನು ಕೂರಿಸಿ ಬರೆಸಬಹುದಾದ ಸಾಧನ ಬೇಕಿತ್ತು. ವಂಡರ್ಲಿಕ್ ಸಿಕ್ಕಿತು. ಹೊಂದುತ್ತದೆಯೋ ಇಲ್ಲವೋ ನೋಡಿ ಆರಿಸಿದ್ದಕ್ಕಿಂತ, ಕೈಗೆ ಸಿಕ್ಕಿದ್ದನ್ನು ಬಳಸಿದ್ದು ಎನ್ನುವುದೇ ಸರಿ.

ಸ್ಥಾನದಿಂದ ಸ್ಥಾನಕ್ಕೆ ಅಂಕದ ಸರಾಸರಿ ಬೇರೆಯಾಗುತ್ತದೆ. 1980ರ ದಶಕದಿಂದ ಓಡಾಡುತ್ತಿರುವ ಒಂದು ಪಟ್ಟಿಯ ಪ್ರಕಾರ ಅಫೆನ್ಸಿವ್ ಟ್ಯಾಕಲ್‌ಗಳ (ಚೆಂಡು ಹಿಡಿದ ತಂಡದ ಮುಂದಿನ ಸಾಲಿನ ಅಂಚಿನವರು) ಸರಾಸರಿ 26, ಸೆಂಟರ್ (ಆ ಸಾಲಿನ ನಡುವಿನವನು) 25, ಕ್ವಾರ್ಟರ್‌ಬ್ಯಾಕ್ (ಆಟ ನಡೆಸುತ್ತ ಚೆಂಡು ಎಸೆಯುವವನು) 24, ವೈಡ್ ರಿಸೀವರ್ (ಎಸೆತ ಹಿಡಿಯುವವನು) 17, ಹಾಫ್‌ಬ್ಯಾಕ್ (ಚೆಂಡು ಹಿಡಿದು ಓಡುವವನು) 16. ನೋಡಿ, ಮೇಲಿರುವುದು ಎಲ್ಲರ ಕಣ್ಣಿಗೆ ಬೀಳುವ ಕ್ವಾರ್ಟರ್‌ಬ್ಯಾಕ್ ಅಲ್ಲ. ಮುಂದೆ ಗೋಡೆಯಂತೆ ನಿಲ್ಲುವ 130–140 ಕಿಲೋ ತೂಕದ ಲೈನ್‌ಮನ್. ಎದುರಾಳಿ ಯಾವ ಕಡೆಯಿಂದ ನುಗ್ಗುತ್ತಾನೆಂದು ಊಹಿಸಿ ಐವರೂ ಒಟ್ಟಿಗೆ ಹೊಂದಿಸಿಕೊಳ್ಳಬೇಕಾದ ಕೆಲಸ ಅವರದು, ಅದನ್ನು ಕೂಗಿ ಹೇಳುವವನು ಹೆಚ್ಚಾಗಿ ಸೆಂಟರ್. ಈ ಪಟ್ಟಿ ನೋಡಿ ‘ಬುದ್ಧಿ ಬೇಕಾದ ಸ್ಥಾನಕ್ಕೆ ಬುದ್ಧಿವಂತರು ಬಂದಿದ್ದಾರೆ’ ಎನ್ನಬಹುದು. ಆದರೆ ಸ್ಥಾನಗಳ ನಡುವಿನ ವ್ಯತ್ಯಾಸ ಒಂದು, ಒಂದೇ ಸ್ಥಾನದ ಇಬ್ಬರಲ್ಲಿ ಯಾರು ಮೇಲು ಎಂಬುದು ಇನ್ನೊಂದು. ತಂಡಕ್ಕೆ ಬೇಕಿರುವುದು ಎರಡನೆಯದರ ಉತ್ತರ.

ಹೆಸರುಗಳಿಗೆ ಬರೋಣ, ಯಾಕೆಂದರೆ ಈ ವಿಷಯದ ಚರ್ಚೆ ಯಾವಾಗಲೂ ಹೆಸರುಗಳಿಂದಲೇ ಶುರುವಾಗುತ್ತದೆ. 50ಕ್ಕೆ 50 ತೆಗೆದವರು ಪ್ಯಾಟ್ ಮ್ಯಾಕಿನಲಿ. ಹಾರ್ವರ್ಡ್‌ನಲ್ಲಿ ಓದಿದವರು, 1975ರಲ್ಲಿ ಐದನೇ ಸುತ್ತಿನಲ್ಲಿ ಸಿನ್ಸಿನಾಟಿ ತಂಡಕ್ಕೆ ಆಯ್ಕೆಯಾದರು. ಅವರಿಗೆ ಹೆಸರು ತಂದದ್ದು ಮುಖ್ಯವಾಗಿ ಚೆಂಡು ಒದೆಯುವ ಪಂಟರ್ ಕೆಲಸ. ಸುಮಾರು 15 ಅಂಕ ಪಡೆದ ಕ್ವಾರ್ಟರ್‌ಬ್ಯಾಕ್ ಟೆರಿ ಬ್ರ್ಯಾಡ್‌ಶಾ ನಾಲ್ಕು ಸೂಪರ್ ಬೌಲ್ (ಲೀಗ್‌ನ ಅಂತಿಮ ಪಂದ್ಯ) ಗೆದ್ದರು. ಅಷ್ಟೇ ಅಂಕದ ಡ್ಯಾನ್ ಮರೀನೊ ನಿವೃತ್ತರಾದಾಗ ಎಸೆತಗಳಿಂದ ತಂಡವನ್ನು ಮುಂದೊಯ್ದ ಒಟ್ಟು ಗಜಗಳ ದಾಖಲೆ ಅವರ ಹೆಸರಲ್ಲಿತ್ತು. 42 ಪಡೆದ ಬ್ಲೇನ್ ಗ್ಯಾಬರ್ಟ್ 2011ರಲ್ಲಿ ಹತ್ತನೆಯವರಾಗಿ ಆಯ್ಕೆಯಾದರು, ಮೂರು ಋತು ಕಳೆಯುವಷ್ಟರಲ್ಲಿ ಆ ತಂಡ ಅವರನ್ನು ಬೇರೆಡೆಗೆ ಕಳಿಸಿತು. ಇಷ್ಟು ಹೇಳಿ ‘ನೋಡಿ, ಪರೀಕ್ಷೆ ಸುಳ್ಳು’ ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಹಾಗಾದರೆ 39 ಪಡೆದು ಎರಡು ಸೂಪರ್ ಬೌಲ್ ಗೆದ್ದ ಈಲೈ ಮ್ಯಾನಿಂಗ್, 35ರ ಆರನ್ ರಾಜರ್ಸ್, 33ರ ಟಾಮ್ ಬ್ರೇಡಿ ಇವರನ್ನು ಎಲ್ಲಿಡುವುದು? ಬೇಕಾದ ಹೆಸರು ಹೆಕ್ಕಿದರೆ ಬೇಕಾದ ತೀರ್ಮಾನ ಸಿಗುತ್ತದೆ. ಹೆಸರುಗಳನ್ನು ಬಿಟ್ಟು ಎಣಿಕೆಗೆ ಹೋಗಬೇಕು.

ಎಣಿಸಿದವರಿದ್ದಾರೆ. 1989ರಿಂದ 2004ರವರೆಗೆ ಆಯ್ಕೆಯಾದ 84 ಕ್ವಾರ್ಟರ್‌ಬ್ಯಾಕ್‌ಗಳನ್ನು ಮಿರಾಬೈಲ್ ಎಂಬ ಸಂಶೋಧಕರು ಪರಿಶೀಲಿಸಿದರು. ವಂಡರ್ಲಿಕ್ ಅಂಕಕ್ಕೂ ಅವರ ಕಾಲೇಜು ದಿನಗಳ ಎಸೆತದ ಸಾಧನೆಗೂ ನಂಟಿಲ್ಲ, ಎನ್‌ಎಫ್‌ಎಲ್ ಸಂಬಳಕ್ಕೂ ನಂಟಿಲ್ಲ. 2009ರಲ್ಲಿ ಲಯನ್ಸ್, ಹಾಫ್‌ಮನ್ ಮತ್ತು ಮಿಶೆಲ್ ಇನ್ನೂ ದೊಡ್ಡ ಬಲೆ ಬೀಸಿದರು: 2002, 2003, 2004ರ ಡ್ರಾಫ್ಟ್‌ಗಳ 762 ಆಟಗಾರರು, ಎಲ್ಲ ಸ್ಥಾನದವರು. ಒಟ್ಟಾರೆ ಸಂಬಂಧ ಸೊನ್ನೆಗೆ ಹತ್ತಿರ. ಎರಡು ಕಡೆ ಮಾತ್ರ ಏನೋ ಕಂಡಿತು, ಅದೂ ತಲೆಕೆಳಗಾಗಿ. ಟೈಟ್ ಎಂಡ್‌ಗಳಲ್ಲಿ (ಎದುರಾಳಿಯನ್ನು ತಡೆಯುವ, ಎಸೆತವನ್ನೂ ಹಿಡಿಯುವವರು) ಮತ್ತು ಡಿಫೆನ್ಸಿವ್ ಬ್ಯಾಕ್‌ಗಳಲ್ಲಿ (ಎದುರಾಳಿಯ ಎಸೆತ ತಡೆಯುವವರು) ಅಂಕ ಕಡಿಮೆ ಇದ್ದವರ ಆಟವೇ ಉತ್ತಮವಾಗಿತ್ತು. ‘ಬುದ್ಧಿ ಹೆಚ್ಚಾದರೆ ಯೋಚನೆ ಹೆಚ್ಚು, ಕಾಲು ನಿಧಾನ’ ಎಂದು ಕೆಲವರು ಇದಕ್ಕೆ ಕತೆ ಕಟ್ಟಿದರು. ನಂಬಬೇಕಾದ ಕತೆ ಅಲ್ಲ. ಹತ್ತು ಸ್ಥಾನ, ಹಲವು ಅಳತೆಗಳನ್ನು ಒಂದಕ್ಕೊಂದು ತಾಳೆ ನೋಡುತ್ತ ಹೋದರೆ ಒಂದೆರಡು ಕಡೆ ಬರೀ ಆಕಸ್ಮಿಕವಾಗಿಯೇ ನಂಟು ಕಾಣಿಸುತ್ತದೆ.

ಈಗ ಒಂದು ತೊಡಕು. ಸಾಮಾನ್ಯ ಉದ್ಯೋಗಗಳಲ್ಲಿ ಬುದ್ಧಿ ಪರೀಕ್ಷೆ ಇಷ್ಟು ನಿರರ್ಥಕ ಅಲ್ಲ. ಶ್ಮಿಟ್ ಮತ್ತು ಹಂಟರ್ 1998ರಲ್ಲಿ ಹಲವು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, ಪರೀಕ್ಷೆಯ ಅಂಕಕ್ಕೂ ಕೆಲಸದ ಗುಣಮಟ್ಟಕ್ಕೂ ಸಹಸಂಬಂಧ (ಸೊನ್ನೆಯೆಂದರೆ ನಂಟಿಲ್ಲ, ಒಂದೆಂದರೆ ಪೂರ್ತಿ ನಂಟು) 0.51 ಎಂದರು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕದಲ್ಲಿ ಅಂಕಗಳ ಹರವು ಕುಗ್ಗಿದ್ದಕ್ಕೆಂದು ಮಾಡಿದ ತಿದ್ದುಪಡಿ ಹೆಚ್ಚಾಗಿತ್ತೆಂದು ತೋರಿಸಿ 0.31ಕ್ಕೆ ಇಳಿಸಿದರು. 0.31 ಅಂದರೂ ಕೆಲಸಗಾರರ ನಡುವಿನ ವ್ಯತ್ಯಾಸದ ಸುಮಾರು ಹತ್ತನೇ ಒಂದು ಭಾಗವನ್ನು ಆ ಅಂಕ ಹೇಳುತ್ತದೆ. ಕಚೇರಿಯಲ್ಲಿ ಕೆಲಸ ಮಾಡುವ ಅಳತೆಗೋಲು ಮೈದಾನದಲ್ಲಿ ಯಾಕೆ ಕುರುಡಾಗುತ್ತದೆ? ಈ ಉಪನ್ಯಾಸದ ತಿರುಳು ಇಲ್ಲಿದೆ.

ಮೊದಲು ಎಲ್ಲರೂ ಹೇಳುವ ಉತ್ತರ: ಆಟಗಾರರೆಲ್ಲ ಈಗಾಗಲೇ ಜರಡಿ ಹಿಡಿದು ಬಂದವರು, ಹಾಗಾಗಿ ವ್ಯತ್ಯಾಸ ಕುಗ್ಗಿ ಸಂಬಂಧ ಕಾಣುವುದಿಲ್ಲ. ತತ್ವ ಸರಿ. ಆದರೆ ಇಲ್ಲಿ ಅದು ಎಷ್ಟು ದೂರ ಒಯ್ಯುತ್ತದೆ ನೋಡಿ. ಆಯ್ದ ಗುಂಪಿನಲ್ಲಿ ಸಹಸಂಬಂಧ 0.10 ಕಂಡಿತು, ಹೊರಗಿನ ಜನರಲ್ಲಿ ಅಂಕಗಳ ಹರವು ಒಂದೂವರೆ ಪಟ್ಟು ಇದೆ ಎಂದುಕೊಳ್ಳಿ. ತಿದ್ದುವ ಸೂತ್ರಕ್ಕೆ ಹಾಕಿದರೆ 0.10 ಆಗುವುದು 0.15. ಅದರ ವರ್ಗ ಎರಡು ಶೇಕಡಾ ಚಿಲ್ಲರೆ. ಸತ್ತ ಕುದುರೆ ಎದ್ದು ಓಡುವುದಿಲ್ಲ. ಮೇಲಾಗಿ ಎನ್‌ಎಫ್‌ಎಲ್‌ನಲ್ಲಿ ವರದಿಯಾದ ಅಂಕಗಳು 4ರಿಂದ 50ರವರೆಗೆ ಹರಡಿವೆ. ಹರವು ಕುಗ್ಗಿದೆ ಎಂಬ ವಾದವೇ ಗಟ್ಟಿಯಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಕರ್ನಾಟಕದ ಕೇಳುಗರಿಗೆ ಸಿಇಟಿ ಉದಾಹರಣೆ ಸಾಕು. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಒಂದೇ ಕಾಲೇಜಿನ ಒಂದೇ ವಿಭಾಗಕ್ಕೆ, ಹತ್ತಿರ ಹತ್ತಿರದ ರ‍್ಯಾಂಕ್‌ನಲ್ಲಿ ಸೇರಿದವರನ್ನು ಸಾಲಾಗಿ ನಿಲ್ಲಿಸಿ. ಪಿಯುಸಿಯಲ್ಲಿ ಕಡಿಮೆ ಇದ್ದವನು ಅಲ್ಲಿಗೆ ಬರಬೇಕಾದರೆ ಸಿಇಟಿಯಲ್ಲಿ ಹೆಚ್ಚು ತೆಗೆದಿರಲೇಬೇಕು. ಇಡೀ ರಾಜ್ಯದಲ್ಲಿ ಎರಡೂ ಅಂಕ ಜೊತೆಜೊತೆಯಾಗಿ ಏರುತ್ತವೆ; ಆ ತರಗತಿಯೊಳಗೆ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಎನ್‌ಎಫ್‌ಎಲ್‌ನಲ್ಲೂ ಅದೇ. 10 ಅಂಕ ಪಡೆದೂ ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ತೋಳು, ಕಾಲು, ಕಣ್ಣು ಅಸಾಮಾನ್ಯವಾಗಿರಲೇಬೇಕು. ಸಾಧಾರಣ ಮೈಕಟ್ಟಿದ್ದು ಅಷ್ಟೇ ಅಂಕ ಬಂದವನು ಪಟ್ಟಿಗೆ ಸೇರಲೇ ಇಲ್ಲ, ಹಾಗಾಗಿ ನಮ್ಮ ಲೆಕ್ಕಕ್ಕೂ ಸಿಗಲಿಲ್ಲ. ಬುದ್ಧಿ ಸ್ವಲ್ಪ ನೆರವಾಗುತ್ತಿದ್ದರೂ ಆ ನೆರವು ಈ ಸೋಸುವಿಕೆಯಲ್ಲಿ ಅಳಿಸಿಹೋಗಬಹುದು. ಆದರೆ ಇದನ್ನೂ ಎಲ್ಲದಕ್ಕೂ ನೆಪ ಮಾಡುವಂತಿಲ್ಲ. ತಂಡಗಳು ಆ ಅಂಕಕ್ಕೆ ಕೊಟ್ಟ ತೂಕ ಕಡಿಮೆಯಾದಷ್ಟೂ ಈ ಅಳಿಸುವಿಕೆಯೂ ಕಡಿಮೆ.

ಆಮೇಲೆ, ಯಶಸ್ಸು ಎಂದರೇನು? ಕ್ವಾರ್ಟರ್‌ಬ್ಯಾಕ್‌ಗಳನ್ನು ಅಳೆಯಲು 1973ರಿಂದ ಬಳಕೆಯಲ್ಲಿರುವ ಪಾಸರ್ ರೇಟಿಂಗ್ ತೆಗೆದುಕೊಳ್ಳಿ. ಪೂರ್ಣಗೊಂಡ ಎಸೆತದ ಪ್ರಮಾಣ, ಪ್ರತಿ ಎಸೆತಕ್ಕೆ ಬಂದ ಗಜ, ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸುವುದು) ಪ್ರಮಾಣ, ಎದುರಾಳಿ ಕಸಿದುಕೊಂಡ ಎಸೆತಗಳ ಪ್ರಮಾಣ, ಈ ನಾಲ್ಕನ್ನು ಹದಗೊಳಿಸಿ ಕೂಡಿಸುತ್ತಾರೆ, ಗರಿಷ್ಠ 158.3. ಒಬ್ಬ 30 ಎಸೆತಗಳಲ್ಲಿ 20 ಪೂರ್ಣಗೊಳಿಸಿ 240 ಗಜ, 2 ಟಚ್‌ಡೌನ್ ಗಳಿಸಿ ಒಂದನ್ನು ಎದುರಾಳಿಗೆ ಕೊಟ್ಟ ಎನ್ನಿ. ರೇಟಿಂಗ್ 99.3. ಈಗ ಅದೇ ಪಂದ್ಯದಲ್ಲಿ 40 ಗಜದ ಟಚ್‌ಡೌನ್ ಎಸೆತವೊಂದು ರಿಸೀವರ್ ಕೈಯಿಂದ ಜಾರಿತು ಎಂದು ಊಹಿಸಿ. 19 ಪೂರ್ಣ, 200 ಗಜ, 1 ಟಚ್‌ಡೌನ್. ರೇಟಿಂಗ್ 79.9. ಎಸೆದವನು ಮೈದಾನವನ್ನು ಓದಿದ್ದು ಅದೇ, ನಿರ್ಧಾರ ಅದೇ, ಎಸೆತ ಅದೇ. ಇನ್ನೊಬ್ಬನ ಬೆರಳು ಜಾರಿದ್ದಕ್ಕೆ ಅಂಕಿಯಲ್ಲಿ 19 ಬಿಂದು ಕುಸಿತ. ಇಷ್ಟು ಗದ್ದಲವಿರುವ ಅಳತೆಯಲ್ಲಿ ಬುದ್ಧಿಯ ಸಣ್ಣ ದನಿ ಕೇಳಿಸುವುದು ಹೇಗೆ? ಲೈನ್‌ಮನ್‌ಗಳಿಗಂತೂ ಇಂಥ ಅಂಕಿಯೇ ಇಲ್ಲ. ಆಗ ಸಂಶೋಧಕರು ‘ಎಷ್ಟು ಪಂದ್ಯ ಆಡಿದ’ ಎಂಬುದನ್ನು ಯಶಸ್ಸಿನ ಅಳತೆಯಾಗಿ ಹಿಡಿಯುತ್ತಾರೆ. ಅದಕ್ಕೂ ರೋಗವಿದೆ: ಮೊದಲ ಸುತ್ತಿನಲ್ಲಿ ಕೋಟಿಗಟ್ಟಲೆ ಸುರಿದು ತಂದವನನ್ನು ಚೆನ್ನಾಗಿ ಆಡದಿದ್ದರೂ ಆಡಿಸುತ್ತಾರೆ, ಏಳನೇ ಸುತ್ತಿನವನು ಬೆಂಚಿನಲ್ಲೇ ಕೂರುತ್ತಾನೆ.

48 ಅಂಕ ವರದಿಯಾಗಿದ್ದ ರಯನ್ ಫಿಟ್ಜ್‌ಪ್ಯಾಟ್ರಿಕ್ ಅವರನ್ನು ಹೇಗೆ ಲೆಕ್ಕ ಹಾಕುತ್ತೀರಿ? ಹಾರ್ವರ್ಡ್‌ನಿಂದ ಬಂದವರು, 2005ರ ಡ್ರಾಫ್ಟ್‌ನಲ್ಲಿ 250ನೆಯ ಆಯ್ಕೆ. ಅಷ್ಟು ಕೆಳಗೆ ಆಯ್ಕೆಯಾದ ಬಹುಪಾಲು ಹುಡುಗರು ಎರಡು ಮೂರು ವರ್ಷದಲ್ಲಿ ಮನೆಗೆ ಹೋಗುತ್ತಾರೆ. ಇವರು 17 ಋತು ಉಳಿದರು, ಒಂಬತ್ತು ತಂಡಗಳಿಗೆ ಆಡಿದರು. ಒಮ್ಮೆಯೂ ಪ್ಲೇಆಫ್ ಪಂದ್ಯ ಆಡಲಿಲ್ಲ. ಬಾಳಿಕೆ ನೋಡುವವನ ಪಟ್ಟಿಯಲ್ಲಿ ಇವರು ತುದಿಯಲ್ಲಿ, ಟ್ರೋಫಿ ಎಣಿಸುವವನ ಪಟ್ಟಿಯಲ್ಲಿ ಹೆಸರೇ ಇಲ್ಲ. ಹೊಸ ತಂಡ, ಹೊಸ ಪ್ಲೇಬುಕ್ (ತಂಡದ ತಂತ್ರಗಳ ಪುಸ್ತಕ), ಅದನ್ನು ಮತ್ತೆ ಮತ್ತೆ ಬೇಗ ಕಲಿಯುವುದು. ಬುದ್ಧಿ ಪರೀಕ್ಷೆ ಎಲ್ಲಾದರೂ ಉಪಯೋಗಕ್ಕೆ ಬರುವುದಿದ್ದರೆ ಅಂಥ ಕಡೆಯಲ್ಲೇ ಇರಬೇಕು ಎಂಬುದು ಒಂದು ಊಹೆ. ಆದರೆ ಯಾವ ತಂಡವೂ ‘ಪ್ಲೇಬುಕ್ ಕಲಿಯಲು ಎಷ್ಟು ದಿನ ಹಿಡಿಯಿತು’ ಎಂಬ ಲೆಕ್ಕವನ್ನು ಹೊರಗೆ ಕೊಡುವುದಿಲ್ಲ.

ಇನ್ನು ಮೈದಾನದ ಯೋಚನೆ ಎಂಥದ್ದು ಎಂಬುದು. ಪಂದ್ಯದೊಳಗಿನ ಒಂದು ಸಣ್ಣ ಆಟ (ಪ್ಲೇ) ಮುಗಿದು ಇನ್ನೊಂದು ಶುರುವಾಗಲು ಗಡಿಯಾರದಲ್ಲಿ 40 ಸೆಕೆಂಡು. ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನೊಳಗಿನ ರೇಡಿಯೊದಲ್ಲಿ ಕೋಚ್ ಮಾತಾಡಬಹುದು, ಗಡಿಯಾರ 15ಕ್ಕೆ ಬಂದಾಗ ಅದು ತಾನಾಗಿ ಕಡಿತವಾಗುತ್ತದೆ. ಅಲ್ಲಿಂದ ಅವನು ಒಬ್ಬಂಟಿ. ಎದುರಿನ ಹನ್ನೊಂದು ಜನ ನಿಂತ ರೀತಿ ನೋಡಿ ಬೇಕಿದ್ದರೆ ಆಟ ಬದಲಿಸಬೇಕು. ಚೆಂಡು ಕೈಗೆ ಬಂದ ಮೇಲೆ ಎಸೆಯಲು ಸಿಗುವುದು ಎರಡೂವರೆ, ಮೂರು ಸೆಕೆಂಡು. ಆ ಹೊತ್ತಿನಲ್ಲಿ ಯಾರೂ ತರ್ಕ ಮಾಡುತ್ತ ಕೂರುವುದಿಲ್ಲ. ಸಾವಿರ ಸಲ ಕಂಡ ವಿನ್ಯಾಸವನ್ನು ಗುರುತಿಸುತ್ತಾರೆ. 1973ರಲ್ಲಿ ಚೇಸ್ ಮತ್ತು ಸೈಮನ್ ಚೆಸ್ ಆಟಗಾರರಲ್ಲಿ ಇದನ್ನು ತೋರಿಸಿದ್ದರು. ನಿಜವಾದ ಪಂದ್ಯದ ಮಣೆಯನ್ನು ಕೆಲವೇ ಸೆಕೆಂಡು ತೋರಿಸಿದರೆ ನಿಪುಣರು ಕಾಯಿಗಳನ್ನು ಬಹುಮಟ್ಟಿಗೆ ಹಾಗೆಯೇ ಜೋಡಿಸಿಟ್ಟರು. ಅದೇ ಕಾಯಿಗಳನ್ನು ಮನಬಂದಂತೆ ಹರಡಿಟ್ಟಾಗ ಅವರ ಮೇಲುಗೈ ಮಾಯವಾಯಿತು. ಅಭ್ಯಾಸದಿಂದ ಬಂದ, ಆ ಆಟಕ್ಕೇ ಅಂಟಿಕೊಂಡ ನೆನಪು ಅದು. ವಿರುದ್ಧ ಪದ ಹುಡುಕುವ ಪ್ರಶ್ನೆ ಅದನ್ನು ಮುಟ್ಟುವುದೇ ಇಲ್ಲ.

ಪರೀಕ್ಷೆ ನಡೆಸುವ ಬಗೆಯಲ್ಲೂ ತೂತುಗಳಿದ್ದವು. ಏಜೆಂಟರು ಕಂಬೈನ್‌ಗೆ ಮುಂಚೆ ಹುಡುಗರಿಗೆ ವಂಡರ್ಲಿಕ್ ಕೋಚಿಂಗ್ ಕೊಡಿಸುತ್ತಿದ್ದರು. ಹಾಗಾಗಿ ಅಂಕದಲ್ಲಿ ಬುದ್ಧಿಯೆಷ್ಟು, ತಯಾರಿಯೆಷ್ಟು ಎಂದು ಬಿಡಿಸಲಾಗದು. 2006ರಲ್ಲಿ ವಿನ್ಸ್ ಯಂಗ್ ಅವರ ಅಂಕ ಮೊದಲು 6 ಎಂದು ಸೋರಿತು, ಮತ್ತೆ ಬರೆದಾಗ 16 ಎಂದು ವರದಿಯಾಯಿತು. ಒಂದೇ ತಲೆ, ಎರಡು ಅಂಕ. 2012ರಲ್ಲಿ 4 ಅಂಕ ವರದಿಯಾದ ಕಾರ್ನರ್‌ಬ್ಯಾಕ್ (ಎದುರಾಳಿಯ ಎಸೆತ ತಡೆಯುವ ಸ್ಥಾನ) ಒಬ್ಬರು, ಪ್ರಶ್ನೆಪತ್ರಿಕೆಯಲ್ಲಿ ಫುಟ್‌ಬಾಲ್‌ಗೆ ಸಂಬಂಧಿಸಿದ್ದು ಏನೂ ಇರಲಿಲ್ಲ, ಹಾಗಾಗಿ ತಲೆಕೆಡಿಸಿಕೊಳ್ಳಲಿಲ್ಲ ಎಂದರು. ಅವರು ಆರನೆಯವರಾಗಿ ಆಯ್ಕೆಯೂ ಆದರು! ಅಂಕದಿಂದ ತನಗೆ ಲಾಭನಷ್ಟ ಇಲ್ಲವೆಂದು ಗೊತ್ತಿರುವವನು ಯಾಕೆ ಬೆವರು ಸುರಿಸಬೇಕು? ಓದುವ ವೇಗ ಕಡಿಮೆ ಇರುವವನಿಗೂ 14 ಸೆಕೆಂಡಿನ ಲೆಕ್ಕ ಅನ್ಯಾಯವೇ.

ಕಾನೂನಿನ ಕಡೆಯಿಂದಲೂ ಈ ಪರೀಕ್ಷೆಗೆ ಹಳೆಯ ಕಲೆ ಇತ್ತು. 1971ರ ಗ್ರಿಗ್ಸ್–ಡ್ಯೂಕ್ ಪವರ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಇದೇ ವಂಡರ್ಲಿಕ್. ನಾರ್ತ್ ಕೆರೊಲಿನಾದ ವಿದ್ಯುತ್ ಕಂಪನಿ ಒಳ್ಳೆಯ ವಿಭಾಗಗಳಿಗೆ ಹೋಗಲು ಈ ಪರೀಕ್ಷೆ ಪಾಸಾಗಬೇಕು ಎಂದಿತ್ತು. ಕಪ್ಪು ನೌಕರರು ಹೊರಗುಳಿಯುತ್ತಿದ್ದರು. ಕೆಲಸಕ್ಕೂ ಪರೀಕ್ಷೆಗೂ ನಂಟಿದೆಯೆಂದು ತೋರಿಸದೆ ಹೀಗೆ ಸೋಸುವಂತಿಲ್ಲ ಎಂದು ಕೋರ್ಟ್ ಹೇಳಿತು. ತೀರ್ಪಿನ ನಂತರವೂ ಬಹುಪಾಲು ಕಪ್ಪು ಆಟಗಾರರಿರುವ ಲೀಗ್‌ನಲ್ಲಿ, ಆ ನಂಟು ತೋರಿಸದೆಯೇ, ಅದು ದಶಕಗಟ್ಟಲೆ ಉಳಿಯಿತು ಎಂಬುದು ಕಸಿವಿಸಿಯ ಸಂಗತಿ.

ವಂಡರ್ಲಿಕ್ ಹೋಯಿತು, ಹೊಸದು ಬಂತು. ನ್ಯಾಶ್‌ವಿಲ್‌ನ ಎಸ್2 ಕಾಗ್ನಿಶನ್ ಎಂಬ ಕಂಪನಿಯ ಪರೀಕ್ಷೆಯಲ್ಲಿ ಪದ, ಗಣಿತ ಇಲ್ಲ. ಪರದೆಯ ಮೇಲೆ ಕ್ಷಣಮಾತ್ರ ಮಿಂಚುವ ಆಕೃತಿಗಳನ್ನು ಹಿಂಬಾಲಿಸುವುದು, ಕೈ ತಡೆಹಿಡಿಯುವುದು ಇಂಥವು. ದಿಕ್ಕು ಸರಿಯೇ. ಆದರೆ 2023ರಲ್ಲಿ ಸೋರಿದ ಅಂಕಗಳಲ್ಲಿ, ನೂರರ ಮಾಪಕದಲ್ಲಿ, ಕ್ವಾರ್ಟರ್‌ಬ್ಯಾಕ್‌ಗಳಾದ ಬ್ರೈಸ್ ಯಂಗ್ 98, ಸಿ.ಜೆ. ಸ್ಟ್ರೌಡ್ 18 ಎಂದಿತ್ತು. ಯಂಗ್ ಮೊದಲ ಆಯ್ಕೆ, ಸ್ಟ್ರೌಡ್ ಎರಡನೆಯದು. ಆ ವರ್ಷದ ಶ್ರೇಷ್ಠ ಹೊಸ ಆಕ್ರಮಣ ಆಟಗಾರ ಪ್ರಶಸ್ತಿ ಸ್ಟ್ರೌಡ್‌ಗೆ ಹೋಯಿತು. ಮರುದಿನವೇ ‘ಎಸ್2 ಕೂಡ ಬುರುಡೆ’ ಎಂಬ ತೀರ್ಪು ಬಂತು. ಇಬ್ಬರನ್ನು ನೋಡಿ ಹೊಗಳುವುದು ಎಷ್ಟು ತಪ್ಪೋ ತೆಗಳುವುದೂ ಅಷ್ಟೇ ತಪ್ಪು.

ಎಷ್ಟು ಜನ ಬೇಕು ಹಾಗಾದರೆ? ನಿಜವಾದ ಸಹಸಂಬಂಧ 0.20 ಇದ್ದು, ಅದನ್ನು ಹತ್ತರಲ್ಲಿ ಎಂಟು ಸಲ ಹಿಡಿಯುವಷ್ಟು ಖಾತ್ರಿ ಬೇಕೆಂದರೆ 194 ಆಟಗಾರರು ಬೇಕು. ವರ್ಷಕ್ಕೆ ಹನ್ನೆರಡು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರೂ 16 ವರ್ಷ. ಅವರಲ್ಲಿ ಅರ್ಧದಷ್ಟು ಜನರಿಗೇ ಸಾಕಷ್ಟು ಆಡಲು ಸಿಗುತ್ತದೆಂದರೆ 32 ವರ್ಷ. ಅಷ್ಟರಲ್ಲಿ ನಿಯಮ ಬದಲಾಗಿರುತ್ತದೆ, ಆಟದ ಶೈಲಿ ಬದಲಾಗಿರುತ್ತದೆ.

ಕಾಲಿನಾಟದ ಕಡೆ ನೋಡಿದರೆ ಚಿತ್ರ ಕೊಂಚ ಆಶಾದಾಯಕ. ಸ್ವೀಡನ್‌ನಲ್ಲಿ ವೆಸ್ಟ್‌ಬರ್ಗ್ ಮತ್ತು ಸಂಗಡಿಗರು 2012ರಲ್ಲಿ 57 ಆಟಗಾರರಿಗೆ ಚುಕ್ಕೆ ಜೋಡಿಸುವ ಪರೀಕ್ಷೆ ಕೊಟ್ಟರು: ನಾಲ್ಕೇ ಗೆರೆಗಳಲ್ಲಿ, ಒಂದು ನಿಮಿಷದಲ್ಲಿ, ಎಷ್ಟು ಬೇರೆ ಬೇರೆ ಆಕೃತಿ ಬರೆಯಬಲ್ಲಿರಿ? ಮೇಲಿನ ಡಿವಿಷನ್‌ನವರು ಕೆಳಗಿನವರಿಗಿಂತ ಮುಂದಿದ್ದರು. 25 ಜನರನ್ನು ಮುಂದೆಯೂ ಹಿಂಬಾಲಿಸಿದಾಗ ಅಂಕಕ್ಕೂ ಗೋಲು–ನೆರವುಗಳಿಗೂ 0.54 ಸಹಸಂಬಂಧ. ಕೇಳಲು ಭರ್ಜರಿ. ಆದರೆ 25 ಜನರ ಮೇಲೆ ನಿಂತ 0.54ಕ್ಕೆ ಒರಟಾಗಿ 0.18ರಿಂದ 0.77ರವರೆಗೆ ತೂಗಾಡಲು ಜಾಗವಿದೆ. ಜರ್ಮನಿಯ ಯುವ ಆಟಗಾರರ ಮೇಲಿನ 2020ರ ಅಧ್ಯಯನವಂತೂ ಇಂಥ ಸಾಮರ್ಥ್ಯಗಳು ಬಹುಮಟ್ಟಿಗೆ ವಯಸ್ಸಿನ ಜೊತೆ ಬೆಳೆಯುತ್ತವೆ, ಆಟದ ಅನುಭವದಿಂದಲ್ಲ ಎಂದಿತು.

‘ತಂಡದ ಜಾಗದಲ್ಲಿ ನೀವಿದ್ದರೆ?’ ಎಂಬುದು ಸಭೆಯಿಂದ ಬಂದ ಪ್ರಶ್ನೆ. ಪರೀಕ್ಷೆ ಕೊಡಬಹುದು, ಆದರೆ ಅಂಕವನ್ನು ಆಯ್ಕೆಗಾರರಿಗೆ ತೋರಿಸದೆ ಲಕೋಟೆಯಲ್ಲಿ ಮುಚ್ಚಿಡಬೇಕು. ತೋರಿಸಿದರೆ ಅಂಕವೇ ಅವಕಾಶವನ್ನು ತಿರುಚುತ್ತದೆ, ಆಮೇಲೆ ಅಳೆಯುವುದು ತನ್ನದೇ ನೆರಳನ್ನು. ಯಶಸ್ಸಿನ ಅಳತೆಯನ್ನು ಸ್ಥಾನಕ್ಕೆ ತಕ್ಕಂತೆ ಮೊದಲೇ ಬರೆದಿಡಬೇಕು: ಸೆಂಟರ್‌ಗಾದರೆ ವಿಡಿಯೊ ನೋಡಿ ಎಣಿಸಿದ ತಪ್ಪು ಕರೆಗಳು, ರಿಸೀವರ್‌ಗಾದರೆ ತಪ್ಪಾಗಿ ಓಡಿದ ದಾರಿಗಳು. ಗಜ, ಟಚ್‌ಡೌನ್‌ಗಳಲ್ಲ. ಐದಾರು ವರ್ಷದ ನಂತರ ಲಕೋಟೆ ಒಡೆದು, ಡ್ರಾಫ್ಟ್ ಸ್ಥಾನವನ್ನೂ ಕಾಲೇಜಿನ ಆಟವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಈ ಅಂಕ ಹೊಸದೇನಾದರೂ ಹೇಳುತ್ತದೆಯೇ ನೋಡಬೇಕು. ಒಂದು ತಂಡದ ಆಟಗಾರರು ಸಾಲುವುದಿಲ್ಲ. ಹಲವು ತಂಡಗಳು ಲಕೋಟೆಗಳನ್ನು ಒಟ್ಟಿಗೆ ಒಡೆಯಬೇಕು. ಎದುರಾಳಿಗೆ ತನ್ನ ಲಕೋಟೆ ಕೊಡಲು ಯಾವ ತಂಡವೂ ಒಪ್ಪುವುದಿಲ್ಲ, ಮತ್ತು ಅಲ್ಲಿನ ಕೋಚ್‌ಗಳಲ್ಲಿ ಬಹುತೇಕರು ಐದಾರು ವರ್ಷ ಆ ಕುರ್ಚಿಯಲ್ಲಿ ಇರುವುದೂ ಇಲ್ಲ.